ಇವತ್ತು ಬೇಡ ಎಂದವರು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಮಳೆ ಹಿಡಿದು ಇವತ್ತಿಗೆ ಹನ್ನೊಂದು ದಿನ ಆಯಿತು. ಅಡಿಕೆ ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯುವುದು ಹಾಗೇ ಬಾಕಿ ಇದೆ.

ಮೊನ್ನೆ ಫೋನಿನಲ್ಲಿ ನೀನು, "ಅಪ್ಪಯ್ಯ, ಮುಂದಿನ ಚಳಿಗಾಲ ಹೆಲಿಕಾಪ್ಟರೂ ಬೇಡ, ಗೈಡೂ ಬೇಡ. ರೋಜರ್ಸ್ ಪಾಸಿನ ಹಿಮದ ಬೆಟ್ಟಗಳಲ್ಲಿ ನಾವೇ ನಾಲ್ಕು ಜನ ನಡೆದು ಹತ್ತಿ ಸ್ಕೀ ಮಾಡ್ತೀವಿ" ಅಂದೆಯಲ್ಲ, ನಾನು "ಹೂಂ" ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಎದುರಿಗೆ ನನಗೆ ಇಷ್ಟು ಮಾತು ಬರುವುದಿಲ್ಲ, ನಿನಗೆ ಗೊತ್ತಲ್ಲ.

ಫೆಬ್ರವರಿಯಲ್ಲಿ ನಾವು ಕೆನಡಾಕ್ಕೆ ಬಂದಾಗ ನೀನು ನಮ್ಮನ್ನು ಕಾಲ್ಗರಿಯಿಂದ ರೆವೆಲ್‌ಸ್ಟೋಕ್‌ಗೆ ಕರೆದುಕೊಂಡು ಹೋದೆ. ಸುಮಾರು 400 ಕಿಲೋಮೀಟರ್ ದಾರಿ. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ರೋಜರ್ಸ್ ಪಾಸ್ ಬಂದಾಗ ನೀನು ಕಾರು ನಿಧಾನ ಮಾಡಿದೆ. ರಸ್ತೆಗೆ ಕಾಂಕ್ರೀಟಿನ ಮಾಡು ಹೊದಿಸಿದ್ದಾರೆ, ಹಿಮ ಜಾರಿ ಬಂದರೆ ಅದರ ಮೇಲೆ ಹಾದು ಹೋಗಲಿ ಅಂತ. ಹಿಮ ಜಾಸ್ತಿ ಕೂಡುವ ಮೊದಲೇ ಅದನ್ನು ಬೀಳಿಸಲು ಸೈನ್ಯದವರು ಬಂದು ಫಿರಂಗಿ ಹೊಡೆಯುತ್ತಾರೆ ಅಂತ ನೀನೇ ಹೇಳಿದೆ. ಬೆಟ್ಟಕ್ಕೆ ಫಿರಂಗಿ ಹೊಡೆಯುವ ಊರನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

ಅಲ್ಲೇ 1910ರ ಮಾರ್ಚ್ 4ರ ಕಥೆಯನ್ನೂ ಹೇಳಿದೆ. ಒಂದು ಹಿಮಕುಸಿತ ರೈಲು ಹಳಿಯನ್ನು ಮುಚ್ಚಿತ್ತು. ಅದನ್ನು ತೆಗೆಯಲು ರಾತ್ರಿ ಕೂಲಿಯವರು ಇಳಿದಿದ್ದರು. ಆಗ ಎದುರಿನ ಬೆಟ್ಟದಿಂದ ಇನ್ನೊಂದು ಬಂತು. 58 ಜನ ಹೋದರು. ಅವರಲ್ಲಿ 32 ಜನ ಜಪಾನಿನಿಂದ ದುಡಿಯಲು ಬಂದವರು. ಆಮೇಲೆ ರೈಲಿನವರು ಬೆಟ್ಟದ ಮೇಲಿನ ದಾರಿಯನ್ನೇ ಬಿಟ್ಟು ಸುಮಾರು 8 ಕಿಲೋಮೀಟರ್ ಸುರಂಗ ಕೊರೆದರು, 1916ರಲ್ಲಿ ಅದು ತೆರೆಯಿತು. ಆ ಜಪಾನಿನ ಮನೆಗಳಿಗೆ ಸುದ್ದಿ ಹೋಗಲು ಎಷ್ಟು ದಿನ ಹಿಡಿಯಿತೋ. ಅದನ್ನೇ ಯೋಚಿಸುತ್ತಾ ಕೂತಿದ್ದೆ. ಊಟಕ್ಕೆ ಏನು ಬೇಕು ಅಂತ ನೀನು ಕೇಳಿದ್ದು ನನಗೆ ಕೇಳಿಸಲೇ ಇಲ್ಲ.

ಮರುದಿನ ಬೆಳಿಗ್ಗೆ ರೆಸಾರ್ಟಿನ ಬುಡದಲ್ಲಿರುವ ಆ ಹೆಲಿಕಾಪ್ಟರ್ ಸ್ಕೀ ಕೇಂದ್ರಕ್ಕೆ ಹೋದೆವು, ಹೆಲಿಕಾಪ್ಟರಿನಲ್ಲಿ ಬೆಟ್ಟದ ಮೇಲೆ ಒಯ್ದು ಸ್ಕೀಯಲ್ಲಿ ಇಳಿಸುವ ಕಡೆಗೆ. ಒಳಗೆ ಕಾಫಿ ವಾಸನೆ, ಒದ್ದೆ ಬೂಟಿನ ವಾಸನೆ. ಗೋಡೆಯ ಮೇಲೆ ಬೆಟ್ಟಗಳ ದೊಡ್ಡ ದೊಡ್ಡ ಫೋಟೋ. ಒಂದೊಂದು ಇಳಿಜಾರಿಗೂ ಒಂದೊಂದು ಹೆಸರು. ನಾನು ಕೂತದ್ದನ್ನು ನೋಡಿ ಗೈಡ್ ಹೆಂಗಸು ತಾವಾಗಿಯೇ ಬಂದು ಮಾತಾಡಿಸಿದರು. ಈ ಆಟ ಶುರುವಾದದ್ದು ಅಲ್ಲಿಂದ ದೂರವಲ್ಲದ ಬುಗಬೂ ಬೆಟ್ಟಗಳಲ್ಲಿ, 1965ರಲ್ಲಿ. ಆಸ್ಟ್ರಿಯಾದಿಂದ ಬಂದ ಹಾನ್ಸ್ ಗ್ಮೋಸರ್ ಅನ್ನುವ ಗೈಡ್ ಸಣ್ಣದೊಂದು ಹೆಲಿಕಾಪ್ಟರಿನಲ್ಲಿ ಇಬ್ಬಿಬ್ಬರನ್ನೇ ಮೇಲೆ ಒಯ್ಯುತ್ತಿದ್ದರಂತೆ. ಇವರ ಈಗಿನ ಹೆಲಿಕಾಪ್ಟರಿನಲ್ಲಿ ನಾಲ್ಕು ಜನ ಅತಿಥಿಗಳು, ಒಬ್ಬ ಗೈಡ್.

ಅವರು ಹೇಳಿದ ಇನ್ನೊಂದು ವಿಷಯ ನನಗೆ ಜಾಸ್ತಿ ಮನಸ್ಸಿಗೆ ಹಿಡಿಸಿತು. ದಿನಾ ಬೆಳಿಗ್ಗೆ ಅತಿಥಿಗಳು ಏಳುವ ಮೊದಲೇ ಗೈಡ್‌ಗಳೆಲ್ಲ ಒಟ್ಟು ಕೂರುತ್ತಾರೆ. ಇಳಿಜಾರುಗಳ ಪಟ್ಟಿ ಮುಂದಿಟ್ಟುಕೊಂಡು ಒಂದೊಂದನ್ನೇ ನೋಡುತ್ತಾರೆ. ಹಸಿರು ಅಂದರೆ ಹೋಗಬಹುದು, ಕೆಂಪು ಅಂದರೆ ಇಲ್ಲ. ಎಲ್ಲರೂ ಹೂಂ ಅಂದು ಒಬ್ಬರು ಬೇಡ ಅಂದರೂ ಸಾಕು, ಅದು ಆ ದಿನಕ್ಕೆ ಕೆಂಪು. ಆ ಒಬ್ಬರು ಎಲ್ಲರಿಗಿಂತ ಕಿರಿಯರಾಗಿದ್ದರೂ ಅಷ್ಟೇ. ಯಾಕೆ ಹೆದರಿದೆ ಅಂತ ಯಾರೂ ಆಡಿಕೊಳ್ಳುವುದಿಲ್ಲ. ಇನ್ನೂ ಒಂದು ಹೇಳಿದರು. ಈ ಕೆಲಸದಲ್ಲಿರುವ ಕಂಪನಿಗಳು ಒಂದಕ್ಕೊಂದು ಪೈಪೋಟಿ, ಆದರೂ ಪ್ರತಿ ಸಂಜೆ ತಾವು ಕಂಡ ಹಿಮದ ವಿವರವನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ, 1991ರಿಂದ. ಎಂಥ ಒಳ್ಳೆಯ ಪದ್ಧತಿ, ಅಲ್ವಾ?

ಆ ದಿನ ಮೋಡ ಕೆಳಗೆ ಇಳಿದು ಕೂತಿತ್ತು. ಹತ್ತು ಗಂಟೆಯವರೆಗೂ ಕಾದೆವು. ಕೊನೆಗೆ ಆ ಗೈಡ್ ಬಂದು "ಇವತ್ತು ಹಾರುವುದಿಲ್ಲ" ಅಂದರು. ನಿನ್ನ ಮುಖ ಸಣ್ಣದಾಯಿತು. "ಒಂದು ವರ್ಷದಿಂದ ದುಡ್ಡು ಕೂಡಿಟ್ಟಿದ್ದೆ, ರಜೆ ಬೇರೆ ಸಿಗಲ್ಲ, ಇಷ್ಟು ಮೋಡಕ್ಕೆಲ್ಲ ಹೀಗೆ ಮಾಡ್ತಾರೆ" ಅಂತ ನನ್ನ ಹತ್ತಿರ ಕನ್ನಡದಲ್ಲಿ ಗೊಣಗಿದೆ. ನಾನು ಸುಮ್ನಿದ್ದೆ. ಊರು ಬಿಟ್ಟಾಗಿನಿಂದ ಎದೆಯಲ್ಲಿ ಕಲ್ಲಿಟ್ಟ ಹಾಗೆ ಇತ್ತು. ಅವರು ಇಲ್ಲ ಅಂದ ಆ ಗಳಿಗೆಯಲ್ಲಿ ಅದು ಇಳಿಯಿತು. ನಾಳೆ ಇವರು ಹೂಂ ಅಂದರೆ ನಂಬಬಹುದು ಅನ್ನಿಸಿತು.

ಮಧ್ಯಾಹ್ನ ಅವರು ನಿಮ್ಮನ್ನೆಲ್ಲ ಹೊರಗೆ ಕರೆದುಕೊಂಡು ಹೋದರು, ನಾನೂ ಹಿಂದೆ ಬಂದೆ. ಎದೆಯುದ್ದ ಗುಂಡಿ ತೋಡಿ ಹಿಮದ ಗೋಡೆ ತೋರಿಸಿದರು. ಹೊರಗಿನಿಂದ ಎಲ್ಲಾ ಒಂದೇ ಬಿಳಿ. ಒಳಗೆ ನೋಡಿದರೆ ಪದರ ಪದರ. ಪದರಗಳು ಎಷ್ಟು ಗಟ್ಟಿ ಕೂತಿವೆ ಅಂತ ನೋಡಲು ಒಂದು ಕಂಬದಷ್ಟು ಹಿಮವನ್ನು ಬಿಡಿಸಿಕೊಂಡು, ಮೇಲೆ ಸಲಿಕೆಯ ತಲೆ ಇಟ್ಟು, ಕೈಯಿಂದ ತಟ್ಟಿದರು. ಮೊದಲು ಮಣಿಕಟ್ಟಿನಿಂದ ಹತ್ತು ಸಲ. ಆಮೇಲೆ ಮೊಣಕೈಯಿಂದ ಹತ್ತು. ಹದಿಮೂರನೆಯ ಏಟಿಗೆ ಮೇಲಿನ ತುಂಡು ಪೆಟ್ಟಿಗೆಯ ಮುಚ್ಚಳದ ಹಾಗೆ ಚೊಕ್ಕವಾಗಿ ಜಾರಿ ಮುಂದಕ್ಕೆ ಬಂತು. ಭುಜದಿಂದ ಹೊಡೆಯುವ ಹತ್ತು ಏಟಿನವರೆಗೆ ಹೋಗಲೇ ಇಲ್ಲ. ಆ ಸಂದಿನಲ್ಲಿ ಗರಿ ಗರಿಯಾಗಿ ಹೊಳೆಯುವ ಹರಳು. ತಿಳಿಯಾದ, ಚಳಿಯ ರಾತ್ರಿಗಳಲ್ಲಿ ಅವು ಹಿಮದ ಮೇಲೆ ಬೆಳೆಯುತ್ತವಂತೆ, ಹೊಸ ಹಿಮ ಬಿದ್ದು ಮುಚ್ಚಿದ ಮೇಲೂ ವಾರಗಟ್ಟಲೆ ಹಾಗೇ ಇರುತ್ತವಂತೆ. ನನಗೆ ಪಾಚಿ ಹಿಡಿದ ನಮ್ಮ ಹೊಳೆಯ ಮೆಟ್ಟಿಲು ನೆನಪಾಯಿತು.

ಆಮೇಲೆ ನಿನ್ನ ಪರೀಕ್ಷೆ. ಹಿಮದಲ್ಲಿ ಹೂತುಹೋದವರನ್ನು ಹುಡುಕಲು ಎಲ್ಲರೂ ಕಟ್ಟಿಕೊಳ್ಳುವ ಸಿಗ್ನಲ್ ಯಂತ್ರವೊಂದನ್ನು ಚೀಲದಲ್ಲಿಟ್ಟು ಹುಗಿದಿದ್ದರು. ನೀನು ಎದೆಗೆ ಕಟ್ಟಿದ್ದ ನಿನ್ನ ಯಂತ್ರ ತೆಗೆದು ಓಡಿದೆ. ನಲವತ್ತು, ಇಪ್ಪತ್ತೆರಡು, ಒಂಬತ್ತು ಅಂತ ಅದು ತೋರಿಸುವ ದೂರದ ಅಂಕಿ ಕೂಗುತ್ತಿದ್ದೆ. ಮೂರು ಬಂದಾಗ ಮಂಡಿಯೂರಿ ಯಂತ್ರವನ್ನು ಹಿಮಕ್ಕೆ ತಾಗಿಸಿ ನಿಧಾನ ಸರಿಸಿದೆ. ಉದ್ದ ಕೋಲು ಚುಚ್ಚಿದೆ, ಎಳೆದೆ, ಮತ್ತೆ ಚುಚ್ಚಿದೆ. ಐದನೆಯ ಸಲ ಅದು ಮೆತ್ತಗೆ ತಡೆದು ನಿಂತಿತು. ಕೋಲನ್ನು ಅಲ್ಲೇ ಬಿಟ್ಟು ಸಲಿಕೆ ಹಿಡಿದೆ. ನಾನು ಗಡಿಯಾರ ನೋಡುತ್ತಿದ್ದೆ. ಹೂತುಹೋದವರಿಗೆ ಇರುವುದು ಮೊದಲ ಹತ್ತು ಹದಿನೈದು ನಿಮಿಷ, ಆಮೇಲೆ ಬದುಕುವ ಆಸೆ ಬೇಗ ಬೇಗ ಇಳಿಯುತ್ತದೆ ಅಂತ ಗೈಡ್ ಹೇಳಿದ್ದರು. ಅಂದರೆ ಊರಿನಿಂದ ಯಾರೋ ಬಂದು ಉಳಿಸುವುದಿಲ್ಲ. ಪಕ್ಕದಲ್ಲಿ ಇದ್ದವರೇ ಉಳಿಸಬೇಕು.

ಮರುದಿನ ಬಿಸಿಲು ಬಂತು. ಸ್ಕೀಗಳನ್ನು ಹೆಗಲಿಗೆ ಹಾಕದೆ ಸೊಂಟದ ಮಟ್ಟದಲ್ಲಿ ಅಡ್ಡ ಹಿಡಿದು, ಬಾಲದ ಫ್ಯಾನಿನ ಕಡೆ ಹೋಗದೆ, ಹೇಳಿದ ಹಾಗೆ ಬಗ್ಗಿ ನಡೆದು ನೀನು ಹತ್ತಿದೆ. ಸಂಜೆ ಇಳಿದು ಬಂದಾಗ ನಿನ್ನ ಮುಖ ನೋಡಿ ಅಮ್ಮ ಅತ್ತಳು. ಅಷ್ಟು ಸಂತೋಷದಲ್ಲಿ ನಿನ್ನನ್ನು ನಾವು ನೋಡಿ ತುಂಬಾ ದಿನ ಆಗಿತ್ತು ಪುಟ್ಟಿ.

ಈಗ ನಿನಗೆ ಯಾವತ್ತೂ ಹೇಳದ ಒಂದು ವಿಷಯ. ನೀನು ಹುಟ್ಟಿದ ವರ್ಷ ಆಷಾಢದಲ್ಲಿ ಇದೇ ರೀತಿ ಮಳೆ. ಕೊಳೆ ರೋಗ ಪಕ್ಕದ ತೋಟಕ್ಕೆ ಬಂದಿತ್ತು. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಮರ ಮುಟ್ಟಿ ನೋಡಿ, "ಇವತ್ತು ಬ್ಯಾಡ ಹೆಗಡೇರೇ, ಜಾರ್ತದೆ" ಅಂದ. ಸಾಲ ಇತ್ತು, ಫಸಲು ಹೋದರೆ ಗತಿ ಇಲ್ಲ ಅಂತ ನಾನು ಒತ್ತಾಯ ಮಾಡಿದೆ. ನನ್ನ ಮುಖ ನೋಡಿ ಅವನು ಕಾಲಿಗೆ ಮರ ಹತ್ತುವ ತಳೆ ಹಾಕಿಕೊಂಡು ಹತ್ತಿದ. ಮೂರನೇ ಮರದಿಂದ ಬಿದ್ದ. ಜೀವ ಉಳಿಯಿತು. ಎದ್ದು ನಡೆಯಲು ಆರು ತಿಂಗಳು ಬೇಕಾಯಿತು, ಮರ ಹತ್ತಲು ಮತ್ತೆ ಆಗಲೇ ಇಲ್ಲ. ಆಸ್ಪತ್ರೆಯ ಖರ್ಚು ನಾನು ಕೊಟ್ಟೆ, ಆದರೆ ಅದು ಲೆಕ್ಕವಲ್ಲ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ನೀವು ನಾಲ್ಕು ಜನ ಹೋಗುವಾಗ ನಿಮ್ಮಲ್ಲಿ ಬೇಡ ಅನ್ನುವವರು ಯಾರು? ನಾಲ್ವರೂ ಗೆಳೆಯರು. ಒಬ್ಬರ ಉತ್ಸಾಹ ಕೆಡಿಸಲು ಇನ್ನೊಬ್ಬರಿಗೆ ಸಂಕೋಚ ಆಗುತ್ತದೆ. ದೂರದಿಂದ ಬಂದಿರುತ್ತೀರಿ, ರಜೆ ಮುಗಿಯುತ್ತಾ ಇರುತ್ತದೆ. 2003ರಲ್ಲಿ ಆ ಭಾಗದಲ್ಲೇ ಹನ್ನೆರಡು ದಿನಗಳ ಅಂತರದಲ್ಲಿ ಎರಡು ಹಿಮಕುಸಿತ ಆಗಿ ಏಳೇಳು ಜನ ಹೋದರು ಅಂತ ಆ ಗೈಡ್ ಹೇಳಿದ್ದು ನೆನಪಿದೆಯಾ? ಎರಡನೆಯದು ರೋಜರ್ಸ್ ಪಾಸಿನಲ್ಲೇ. ಹೋದ ಏಳೂ ಮಂದಿ ಶಾಲೆಯ ಮಕ್ಕಳು. ಅವರು ಹೆಲಿಕಾಪ್ಟರಿನಲ್ಲಿ ಹೋದವರಲ್ಲ, ಸ್ಕೀ ಕಟ್ಟಿಕೊಂಡು ನಡೆದೇ ಹತ್ತುತ್ತಿದ್ದವರು. ಅದರ ಮರುವರ್ಷವೇ ಹಿಮಕುಸಿತದ ಮುನ್ಸೂಚನೆ ಕೊಡುವ ಕೇಂದ್ರ ರೆವೆಲ್‌ಸ್ಟೋಕ್‌ನಲ್ಲಿ ಶುರುವಾಯಿತು.

ಹೋಗಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮೂರು ಮಾತು ಕೊಡು. ಹಿಮಕುಸಿತದ ಎರಡನೇ ಹಂತದ ಕೋರ್ಸನ್ನು ನಾಲ್ವರೂ ಮುಗಿಸಿಯೇ ಹೊರಡಬೇಕು. ರೋಜರ್ಸ್ ಪಾಸಿನ ಹಿಮಕುಸಿತದ ಮುನ್ಸೂಚನೆಯನ್ನೂ, ಫಿರಂಗಿ ಹೊಡೆಯುವ ಜಾಗಗಳಿಗೆ ಆ ದಿನ ಬಿಡುತ್ತಾರೋ ಇಲ್ಲವೋ ಅನ್ನುವ ಪರ್ಮಿಟ್ಟಿನ ವಿವರವನ್ನೂ ಅದೇ ದಿನ ಬೆಳಿಗ್ಗೆ ನೋಡಬೇಕು, ಹಿಂದಿನ ದಿನದ್ದು ಸಾಲದು. ಮತ್ತೆ ಹೊರಡುವ ಮುಂಚೆ ಬಾಯಿಬಿಟ್ಟು ಮಾತಾಡಿಕೊಳ್ಳಿ, ಒಬ್ಬರು ಬೇಡ ಅಂದರೆ ನಾಲ್ವರೂ ವಾಪಸ್, ಯಾಕೆ ಅಂತ ಕೇಳುವಂತಿಲ್ಲ. ಆ ಒಬ್ಬಳು ನೀನೇ ಆದರೆ, ಅವತ್ತು ಹಾಳಾದ ದುಡ್ಡನ್ನು ನಾನು ಕೊಡುತ್ತೇನೆ. ನಿಜವಾಗಿಯೂ ಕೊಡುತ್ತೇನೆ, ಅಡಿಕೆ ರೇಟು ಹೇಗೇ ಇರಲಿ.

ಈಗ ನಮ್ಮ ತೋಟಕ್ಕೆ ಬರುವುದು ಆ ಕೊನೆಗೌಡನ ಮಗ. ನಿನ್ನೆ ಬಂದಿದ್ದ. ನಾಲ್ಕು ಮರ ಮುಟ್ಟಿ ನೋಡಿ, ಚಾ ಕುಡಿದು, ಸೋಮವಾರ ನೋಡೋಣ ಅಂತ ಹೋದ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಪಾರ್ಸಲ್ ಕಟ್ಟಿದ್ದಾಳೆ. ಕೋರ್ಸಿನ ತಾರೀಖು ಗೊತ್ತಾದ ಕೂಡಲೇ ಬರೆ.

ನಿನ್ನ,
ಅಪ್ಪಯ್ಯ