ಪಿಎಚ್‌ಡಿ ಗೈಡ್ ಆಯ್ಕೆ: ಭಾನುವಾರ ತುಮಕೂರಿನಲ್ಲಿ ಸೇರೋಣ

ಎಲ್ಲರಿಗೂ ನಮಸ್ಕಾರ. ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿಯಲ್ಲಿ ಈ ಸಲ ಪಿಎಚ್‌ಡಿಗೆ ಸೇರುವವರು ಭಾನುವಾರ ಬೆಳಿಗ್ಗೆ 10ಕ್ಕೆ ಅಮಾನಿಕೆರೆ ಪಾರ್ಕಿನ ಗೇಟ್ ಹತ್ತಿರ ಬನ್ನಿ. ಗೈಡ್, ಅಂದರೆ ನಿಮ್ಮ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರ ಹೆಸರು ಬರೆದುಕೊಡುವ ಮುಂಚೆ ಒಮ್ಮೆ ಕೂತು ಮಾತಾಡೋಣ.

ಮನಸ್ಸಿನಲ್ಲಿರುವ ಇಬ್ಬರು ಮೂವರು ಗೈಡ್‌ಗಳ ಇತ್ತೀಚಿನ ಸಂಶೋಧನಾ ಪೇಪರ್ ಓದಿಕೊಂಡು ಬನ್ನಿ. ಅವರ ಬಳಿ ಜಾಗ ಇದೆಯಾ ಅಂತಲೂ ವಿಚಾರಿಸಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಒಂದೇ ಕಾಲಕ್ಕೆ ಪ್ರೊಫೆಸರ್‌ಗೆ 8, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ವಿದ್ಯಾರ್ಥಿಗಳವರೆಗೆ ಮಾತ್ರ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಎಲ್ಲಕ್ಕಿಂತ ಮುಖ್ಯ, ಆ ಲ್ಯಾಬಿನಲ್ಲಿ ಈಗಿರುವವರನ್ನು ಗೈಡ್ ಇಲ್ಲದಾಗ ಮಾತಾಡಿಸಿ. ಕೆಮಿಕಲ್ಸ್‌ಗೆ ದುಡ್ಡು ಎಲ್ಲಿಂದ ಬರುತ್ತೆ, ಬರೆದದ್ದು ಕೊಟ್ಟರೆ ಎಷ್ಟು ದಿನಕ್ಕೆ ನೋಡಿಕೊಡ್ತಾರೆ, ಪೇಪರಿನಲ್ಲಿ ಮೊದಲ ಹೆಸರು ಯಾರದ್ದು, ಎಲ್ಲ ಕೇಳಿ. ನಾನು ಇದೇನೂ ಕೇಳದೆ ದೊಡ್ಡ ಹೆಸರು ನೋಡಿ ಸೇರಿ, ಒಂದೂವರೆ ವರ್ಷ ಆದಮೇಲೆ ಗೈಡ್ ಬದಲಿಸಬೇಕಾಯಿತು. ನಿಮಗೆ ಹಾಗಾಗಬಾರದು.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಕೋಲಾರ, ಚಿಕ್ಕಬಳ್ಳಾಪುರದವರು ಬರಲಾಗದಿದ್ದರೆ ಹೇಳಿ, ಅವತ್ತೇ ಸಂಜೆ 6ಕ್ಕೆ ವಿಡಿಯೊ ಕಾಲ್ ಮಾಡ್ತೀನಿ.