ಮೌಸ್ ನಿಂತಿತೆಂದು ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹೊತ್ತಿಗೆ ನಮ್ಮ ಕಡೆ ಹಲವರು ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕದೆ, ವಿಂಡೋಸ್ ಬದಲು ಲಿನಕ್ಸ್ ಆಧಾರಿತ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಂಡರು. ಒಳ್ಳೇ ಕೆಲಸವೇ. ಆದರೆ ಒಂದು ದಿನ ಮೌಸ್ ಮಾತು ಕೇಳಲಿಲ್ಲ ಅಂದರೆ ಸಾಕು, "ಲಿನಕ್ಸ್ ನಮಗಲ್ಲ ಬಿಡಿ" ಎಂದು ಸಿಪಿಯು ಹೊತ್ತುಕೊಂಡು ಅಂಗಡಿಗೆ ಓಡುತ್ತಾರೆ. ಅಲ್ಲಿ ಪೂರ್ತಿ ಫಾರ್ಮ್ಯಾಟ್ ಆಗುತ್ತದೆ. ಮಕ್ಕಳ ಫೋಟೊ, ಲೆಕ್ಕದ ಫೈಲು ಎಲ್ಲ ಹೋಗುತ್ತದೆ. ಲೈಸೆನ್ಸ್ ಇಲ್ಲದ ವಿಂಡೋಸ್ ಬಂದು ಕೂರುತ್ತದೆ. ಇದನ್ನು ನೋಡಿ ನೋಡಿ ಬೇಜಾರಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮೂರಿನ ಒಂದು ಜೆರಾಕ್ಸ್ ಅಂಗಡಿಯ ವಿಷಯ ಹೇಳುತ್ತೇನೆ. ವೈರ್‌ಲೆಸ್ ಮೌಸ್. ಬಾಣ ಒಂದು ಕ್ಷಣ ನಿಲ್ಲುತ್ತಿತ್ತು, ಆಮೇಲೆ ಪರದೆಯ ಮೂಲೆಗೆ ಜಿಗಿಯುತ್ತಿತ್ತು. ಬ್ಯಾಟರಿ ಹೊಸದು ಹಾಕಿದರೂ ಅದೇ ಕಥೆ. ಸುಮ್ನೆ ಪಕ್ಕದಲ್ಲಿ ಕುಳಿತು ನೋಡಿದಾಗ ಗೊತ್ತಾಯಿತು: ಹೊರಗಿನ ಹಾರ್ಡ್ ಡಿಸ್ಕಿಗೆ ಫೈಲ್ ಕಾಪಿ ಆಗುವಾಗ ಮಾತ್ರ ಹೀಗಾಗುತ್ತಿತ್ತು. ಕಾಪಿ ಮುಗಿದ ಕೂಡಲೇ ಮೌಸ್ ಸರಿ. ಸಿಪಿಯು ಹಿಂಬದಿಯಲ್ಲಿ ಹಾರ್ಡ್ ಡಿಸ್ಕಿನ ವೈರು ಒಂದು ನೀಲಿ (ಅಂದರೆ 3.0) ಯುಎಸ್‌ಬಿ ಪೋರ್ಟಿನಲ್ಲಿತ್ತು, ಮೌಸಿನ ಪುಟ್ಟ ರಿಸೀವರ್ ಅದಕ್ಕೆ ಅಂಟಿಕೊಂಡ ಪೋರ್ಟಿನಲ್ಲಿತ್ತು. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತದೆ. ಬಹುಪಾಲು ವೈರ್‌ಲೆಸ್ ಮೌಸ್‌ಗಳು ಮಾತಾಡುವುದೂ ಅದೇ ರೇಡಿಯೊ ಆವರ್ತನದಲ್ಲಿ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ತೋರಿಸಿದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ರಿಸೀವರನ್ನು ಮೇಜಿನ ಮೇಲಕ್ಕೆ ಎಳೆದುಕೊಂಡಿದ್ದೇ ತಡ, ಎಲ್ಲ ಸರಿಹೋಯಿತು. ಇಲ್ಲಿ ಲಿನಕ್ಸ್‌ನ ತಪ್ಪೇನಿತ್ತು? ವಿಂಡೋಸ್ ಹಾಕಿದ್ದರೂ ಬಾಣ ಹಾಗೇ ಜಿಗಿಯುತ್ತಿತ್ತು, ಅಲ್ವಾ?

ಮೌಸ್ ಕೈಕೊಟ್ಟಾಗ ಮೊದಲು ನೋಡಬೇಕಾದ್ದು ಹ್ಯಾಂಗ್ ಆಗಿರುವುದು ಮೌಸೋ, ಇಡೀ ಸಿಸ್ಟಮ್ಮೋ ಎಂದು. ಕ್ಯಾಪ್ಸ್ ಲಾಕ್ ಒತ್ತಿ, ದೀಪ ಹತ್ತುತ್ತದೆಯೇ ನೋಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯಲ್ಲಿ ಲಾಗಿನ್ ಕೇಳಬೇಕು. ಕೇಳಿದರೆ ಸಿಸ್ಟಮ್ ಜೀವಂತವಾಗಿದೆ. ವಾಪಸ್ ಬರಲು ಕಂಟ್ರೋಲ್, ಆಲ್ಟ್ ಜೊತೆ ಉಬುಂಟುವಿನಲ್ಲಿ ಸಾಮಾನ್ಯವಾಗಿ ಎಫ್2, ಮಿಂಟ್‌ನಲ್ಲಿ ಎಫ್7. ಬರೆಯುತ್ತಿದ್ದ ಕೆಲಸವನ್ನು ಕಂಟ್ರೋಲ್ ಎಸ್ ಒತ್ತಿ ಉಳಿಸಿಕೊಳ್ಳಬಹುದು. ಪವರ್ ಬಟನ್ ಅದುಮಿ ಹಿಡಿಯುವ ಅವಸರ ಬೇಡ. ಮೌಸ್ ಇಲ್ಲದೆಯೂ ಬಾಣ ಓಡಿಸಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಡಿಯಲ್ಲಿ ಮೌಸ್ ಕೀಸ್ ಆನ್ ಮಾಡಿದರೆ ಕೀಬೋರ್ಡಿನ ಬಲಗಡೆಯ ಅಂಕಿ ಕೀಲಿಗಳೇ ಬಾಣವನ್ನು ಸರಿಸುತ್ತವೆ, 5 ಒತ್ತಿದರೆ ಕ್ಲಿಕ್.

ಬೇರೆ ಪೋರ್ಟು, ಬೇರೆ ಮೌಸು, ಅಡಿಯಲ್ಲಿರುವ ಸ್ವಿಚ್ಚು, ಗಾಜಿನ ಟೇಬಲ್ಲು, ಲ್ಯಾಪ್‌ಟಾಪ್ ಆದರೆ ಟಚ್‌ಪ್ಯಾಡ್ ಆಫ್ ಮಾಡುವ ಕೀಲಿ: ಇವು ಎಲ್ಲರೂ ನೋಡುವಂಥವೇ. ಅದಾದ ಮೇಲೆ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ಎಲ್‌ಎಸ್‌ಯುಎಸ್‌ಬಿ ಎಂದು ಟೈಪ್ ಮಾಡಿ (ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲಿ ಎಲ್, ಎಸ್, ಯು, ಎಸ್, ಬಿ, ನಡುವೆ ಜಾಗ ಬಿಡದೆ). ಯುಎಸ್‌ಬಿಗೆ ಸಿಕ್ಕಿಸಿದ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ಮೌಸಿನದೋ ಅದರ ರಿಸೀವರಿನದೋ ಸಾಲು ಕಾಣದಿದ್ದರೆ ತೊಂದರೆ ವೈರಿನದೋ ಪೋರ್ಟಿನದೋ ಇರುವುದೇ ಜಾಸ್ತಿ. ಸಾಲು ಇದ್ದೂ ಬಾಣ ಅಲ್ಲಾಡದಿದ್ದರೆ, ಲಿಬ್‌ಇನ್‌ಪುಟ್ ಟೂಲ್ಸ್ ಎಂಬ ಪ್ಯಾಕೇಜ್ ಇದೆ, ಅದನ್ನು ಹಾಕಿಕೊಂಡು ಅದರ ಡೀಬಗ್ ಇವೆಂಟ್ಸ್ (ಮೌಸಿನಿಂದ ಬರುವ ಸಂಕೇತಗಳು) ನೋಡಬಹುದು. ಮೌಸ್ ಸರಿಸಿದ ಹಾಗೆಲ್ಲ ಅಲ್ಲಿ ಸಾಲುಗಳು ಸರಸರನೆ ಓಡಿದರೆ ಮೌಸೂ ಸರಿ, ಸಿಸ್ಟಮ್ಮಿನ ತಿರುಳಾದ ಕರ್ನಲ್ಲೂ ಸರಿ. ಡೆಸ್ಕ್‌ಟಾಪ್ ಮಾತ್ರ ಎಡವಿದೆ. ಲಾಗ್ ಔಟ್ ಮಾಡಿ ಮತ್ತೆ ಬಂದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಸ್ವಲ್ಪ ಹೊತ್ತು ಬಿಟ್ಟರೆ ಮೌಸ್ ಮಲಗುತ್ತದೆ, ಒಂದು ಕ್ಲಿಕ್ ಮಾಡಿದರೆ ಏಳುತ್ತದೆ ಎನ್ನುವವರದ್ದು ಬೇರೆ ಕಥೆ. ಕರೆಂಟ್ ಉಳಿಸಲು ಲಿನಕ್ಸ್ ಯುಎಸ್‌ಬಿ ಸಾಧನಗಳನ್ನು ಮಲಗಿಸಬಲ್ಲದು. ಬ್ಯಾಟರಿ ಉಳಿಯಲಿ ಎಂದು ಪವರ್‌ಟಾಪ್ ಎಂಬ ಕರೆಂಟ್ ಉಳಿಸುವ ತಂತ್ರಾಂಶದ ಆಟೊ ಟ್ಯೂನ್ ಓಡಿಸಿದವರಿಗೆ ಇದು ಹೆಚ್ಚಾಗಿ ಕಾಡುತ್ತದೆ. ಅದೇ ಪವರ್‌ಟಾಪ್ ತೆರೆದು ಟ್ಯೂನಬಲ್ಸ್ ಪಟ್ಟಿಯಲ್ಲಿ ಮೌಸಿನ ಸಾಲಿಗೆ ಹೋಗಿ ಎಂಟರ್ ಒತ್ತಿದರೆ ಆ ಒಂದು ಸಾಧನ ಎಚ್ಚರವಾಗಿರುತ್ತದೆ. ಪ್ರತಿ ಸಲ ಬೂಟ್ ಆಗುವಾಗಲೂ ಆಟೊ ಟ್ಯೂನ್ ಓಡುವಂತೆ ಮಾಡಿದ್ದರೆ ಅದನ್ನೂ ತೆಗೆಯಬೇಕು.

ಅಪ್‌ಡೇಟ್ ಆದ ಮರುದಿನವೇ ಮೌಸ್ ನಿಂತಿತೆನ್ನಿ. ಆಗ ಬೂಟ್ ಆಗುವಾಗ ಬರುವ ಗ್ರಬ್ ಎಂಬ ಆಯ್ಕೆಯ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಉಬುಂಟು ಹಳೆಯದೊಂದನ್ನು ಇಂಥ ಹೊತ್ತಿಗೆಂದೇ ಉಳಿಸಿಕೊಂಡಿರುತ್ತದೆ. ಅಲ್ಲಿ ಮೌಸ್ ಓಡಿದರೆ ಕಳ್ಳ ಸಿಕ್ಕಂತೆಯೇ: ತೊಂದರೆ ಹೊಸ ಕರ್ನಲ್ಲಿನದು, ಇಲ್ಲವೇ ಅದರ ಜೊತೆ ಬರಬೇಕಿದ್ದ, ಹೆಚ್ಚುವರಿ ಡ್ರೈವರ್‌ಗಳಿರುವ ಮಾಡ್ಯೂಲ್ಸ್ ಎಕ್ಸ್‌ಟ್ರಾ ಪ್ಯಾಕೇಜ್ ಬಿಟ್ಟುಹೋಗಿದೆ. ಇಷ್ಟು ತಿಳಿದರೆ ಒಂದೇ ಒಂದು ಫೈಲ್ ಕಳೆದುಕೊಳ್ಳದೆ ಸರಿಮಾಡಬಹುದು.

ಇದರಲ್ಲಿ ಯಾವುದಕ್ಕೂ ಎಂಜಿನಿಯರಿಂಗ್ ಓದಿರಬೇಕಿಲ್ಲ. ಪಕ್ಕದ ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ವ್ಯವಸ್ಥೆಯನ್ನೇ ಮಕ್ಕಳು ವರ್ಷಗಳಿಂದ ಬಳಸುತ್ತಿದ್ದಾರೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿ. ನಮ್ಮಲ್ಲಿ ಕಂಪ್ಯೂಟರ್ ಕ್ಲಾಸು ಶುರುವಾಗುವುದೇ ಮೌಸ್ ಹಿಡಿಯುವುದರಿಂದ. ಮೌಸ್ ಇಲ್ಲದೆ ಫೈಲ್ ಉಳಿಸುವುದು, ಕಿಟಕಿ ಮುಚ್ಚುವುದು, ಶಟ್‌ಡೌನ್ ಮಾಡುವುದನ್ನು ಯಾರೂ ಹೇಳಿಕೊಡುವುದಿಲ್ಲ. ಕಂಪ್ಯೂಟರ್ ಕಲಿಸುವ ಮೇಷ್ಟ್ರುಗಳು, ಮೇಡಂಗಳು ಒಂದು ಪೀರಿಯಡ್ ಇದಕ್ಕೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಮೊಬೈಲ್‌ಗಳ ವಿಮರ್ಶೆಯ ಪಕ್ಕ ಇಂಥ ರಿಪೇರಿ ವಿಷಯಗಳಿಗೂ ವಾರಕ್ಕೊಂದು ಕಾಲಂ ಇರಲಿ. ಓದುಗರು ತಮ್ಮ ತೊಂದರೆ ಬರೆದು ಕಳಿಸುವಾಗ ಎಲ್‌ಎಸ್‌ಯುಎಸ್‌ಬಿ ತೋರಿಸಿದ ಸಾಲನ್ನೂ ಬರೆಯಲಿ. ಉತ್ತರ ಬರೆಯಲು ನನ್ನಂಥವರು ಸಿದ್ಧರಿದ್ದೇವೆ.

ಇಂತಿ,
ನಿಮ್ಮ ಓದುಗ, ತಿಪಟೂರು