ಹಿಂದಿನ ಚಕ್ರ ಸರಿ, ಸೆಡಾನ್ ಕಷ್ಟ

ಸಂಪಾದಕರಿಗೆ,

ಜೋರು ಎಂಜಿನ್ನಿನ, ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಸೆಡಾನ್‌ಗಳನ್ನು (ಹಿಂದೆ ಬೇರೆ ಡಿಕ್ಕಿ ಇರುವ ತಗ್ಗಿನ ಕಾರುಗಳನ್ನು) ಕಂಪನಿಗಳು ಧೈರ್ಯ ಮಾಡಿ ತಂದರೆ ಇಲ್ಲೂ ಮಾರಾಟ ಆಗುತ್ತವೆ ಎಂದು ನಿಮ್ಮ ವಾಹನ ಪುಟದಲ್ಲಿ ಓದಿದೆ. ಓಡಿಸಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಳ್ಳುವವರು ಯಾರು?

ಕಾಸರಗೋಡಿನವರಿಗೆ ಇಂಥ ಕಾರು ಹೊಸದಲ್ಲ. ಗಲ್ಫಿನಲ್ಲಿ ದುಡಿದು ಬಂದವರ ಹತ್ತಿರ ಶೆವರ್ಲೆ ಕ್ಯಾಪ್ರಿಸ್, ಲುಮಿನಾ ಅಂತ ಹೇಳಿ ನೋಡಿ, ಮಾತು ಬೇಗ ಮುಗಿಯುವುದಿಲ್ಲ. ಅವು ಅಸಲಿಗೆ ಆಸ್ಟ್ರೇಲಿಯಾದ ಹೋಲ್ಡನ್ ಕಾರುಗಳು, ಗಲ್ಫಿನಲ್ಲಿ ಹೆಸರು ಮಾತ್ರ ಶೆವರ್ಲೆ. ಅಗಲ ರಸ್ತೆ, ಅಗ್ಗದ ಪೆಟ್ರೋಲ್, ಎಂಟು ಸಿಲಿಂಡರಿನ ವಿ8 ಎಂಜಿನ್. ಅಂಥ ಗಿರಾಕಿಗಳಿದ್ದೂ ಹೋಲ್ಡನ್ 2017ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಕಾರ್ಖಾನೆ ಮುಚ್ಚಿತು. ಅದಕ್ಕೆ ಒಂದು ವರ್ಷ ಮೊದಲೇ ಅಲ್ಲಿನ ಇಂಥದೇ ಕಾರು ಫೋರ್ಡ್ ಫಾಲ್ಕನ್ ತಯಾರಿ ನಿಂತಿತ್ತು. ಇದೇ ಜಾತಿಯ ಕೊರಿಯಾದ ಕಾರು ಕಿಯಾ ಸ್ಟಿಂಗರ್ 2017ರಲ್ಲಿ ಬಂತು, 2023ಕ್ಕೆ ಮುಗಿಯಿತು. ಹೊಗಳಿದವರು ಬಹಳ, ದುಡ್ಡು ಕೊಟ್ಟವರು ಕಡಿಮೆ.

ಹಿಂದಿನ ಚಕ್ರದ ಸುಖ ನಿಜವಾದದ್ದೇ. ಆಕ್ಸಿಲರೇಟರ್ ಒತ್ತಿದಾಗ ಭಾರ ಹಿಂದಕ್ಕೆ ಬೀಳುತ್ತದೆ, ಹಿಂದಿನ ಟೈರಿಗೆ ಹಿಡಿತ ಜಾಸ್ತಿಯಾಗುತ್ತದೆ. ಮುಂದಿನ ಚಕ್ರಕ್ಕೆ ದಾರಿ ತಿರುಗಿಸುವ ಕೆಲಸ ಮಾತ್ರ, ಆದ್ದರಿಂದ ಸ್ಟೀರಿಂಗ್ ಆಚೆ ಈಚೆ ಎಳೆಯುವುದಿಲ್ಲ. ಆದರೆ ಎಂಜಿನ್ನಿನ ಕಡೆಯಿಂದ ಹಿಂದಿನ ಚಕ್ರಗಳ ನಡುವಿನ ಹೌಸಿಂಗ್‌ವರೆಗೆ ಶಕ್ತಿ ಸಾಗಿಸುವ ಉದ್ದದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಹೋಗಬೇಕಲ್ಲ? ಅದಕ್ಕಾಗಿ ನೆಲದ ನಡುವೆ ಉದ್ದಕ್ಕೆ ಒಂದು ಉಬ್ಬು. ಹಿಂದಿನ ಸೀಟಿನ ನಡುವೆ ಕೂತವರು ಒಂದೊಂದು ಕಾಲು ಒಂದೊಂದು ಪಕ್ಕ ಇಟ್ಟುಕೊಳ್ಳಬೇಕು. ಐದು ಜನ ಮದುವೆಗೆ ಹೊರಟರೆ ಆ ಜಾಗ ಯಾರಿಗೆ ಅಂತಲೇ ಜಗಳ. ಅಂಬಾಸಿಡರ್, ಪದ್ಮಿನಿ, ಕಾಂಟೆಸಾ ಎಲ್ಲ ಹೀಗೇ ಇದ್ದವು. 1983ರಲ್ಲಿ ಮಾರುತಿ 800 ಬಂತು. ಎಂಜಿನ್ ಅಡ್ಡ ಇಟ್ಟು ಮುಂದಿನ ಚಕ್ರಕ್ಕೇ ಶಕ್ತಿ ಕೊಟ್ಟಿತು. ಭಾರ ಕಡಿಮೆ, ಖರ್ಚು ಕಡಿಮೆ, ಅಷ್ಟು ಸಣ್ಣ ಕಾರಿನಲ್ಲೂ ಕಾಲಿಡಲು ಜಾಗ. ಊರಿಗೆ ಊರೇ ಆ ಕಡೆ ಹೋಯಿತು.

ಹಾಗಂತ ಹಿಂದಿನ ಚಕ್ರ ಸೋತಿತು ಅನ್ನುವಂತಿಲ್ಲ. ಗಲ್ಫಿನ ಪೆಟ್ಟಿಗೆಗಳನ್ನು ತುಂಬಿಕೊಂಡು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಬರುವ ಇನ್ನೋವಾ ಕ್ರಿಸ್ಟಾ ಅದೇ ಜಾತಿ. ಓಮ್ನಿಯೂ ಅದೇ, ಬಾಡಿಗೆ ಜೀಪೂ ಅದೇ. ಲೋಡ್ ಬಿದ್ದಷ್ಟೂ ಅವುಗಳ ಹಿಂದಿನ ಟೈರಿಗೆ ಏರಿನಲ್ಲಿ ಹಿಡಿತ ಜಾಸ್ತಿ.

ತೊಂದರೆ ಇರುವುದು ಸೆಡಾನಿನ ಎತ್ತರದಲ್ಲಿ. ಗಡಿಯ ತಲಪಾಡಿಯಿಂದ ಈಚೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗಿದೆ, ಸರಿ. ಆದರೆ ಹೆದ್ದಾರಿ ಇಳಿದು ಮನೆಗೆ ಹೋಗಬೇಡವೇ? ಮಳೆಗಾಲದಲ್ಲಿ ಸರ್ವಿಸ್ ರಸ್ತೆಯಲ್ಲಿ ನೀರು, ಒಳರಸ್ತೆಯಲ್ಲಿ ಯಾರೋ ಸುಮ್ನೆ ಹಾಕಿಟ್ಟಂತಹ ಹಂಪ್, ಕೊನೆಗೆ ಕೆಂಪುಕಲ್ಲು ಕಡಿದು ಮಾಡಿದ ಇಳಿಜಾರು. ಉದ್ದದ, ತಗ್ಗಿನ ಕಾರಿನ ಹೊಟ್ಟೆ ಅಲ್ಲಿ ಉಜ್ಜಿದರೆ ಎಷ್ಟು ಅಶ್ವಶಕ್ತಿ ಇದ್ದರೂ ಪ್ರಯೋಜನವಿಲ್ಲ.

ಮೇಲಿಂದ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಂಜಿನ್ನಿನ ಕಾರಿಗೆ ಜಿಎಸ್‌ಟಿ ಶೇ 40, ಎಲೆಕ್ಟ್ರಿಕ್ ಕಾರಿಗೆ ಶೇ 5. ನನ್ನ ಪ್ರಕಾರ ಆಟ ಬದಲಾಗುವುದು ಇಲ್ಲಿಯೇ. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರನ್ನು ನೇರ ಹಿಂದಿನ ಚಕ್ರಗಳ ಆಕ್ಸಲ್ ಹತ್ತಿರವೇ ಕೂರಿಸಬಹುದು. ಶಾಫ್ಟ್ ಬೇಡ, ಉಬ್ಬೂ ಬೇಡ. ಮಹೀಂದ್ರದ ಬಿಇ 6, ಎಕ್ಸ್‌ಇವಿ 9ಇ ಎರಡೂ ಹಿಂದಿನ ಚಕ್ರದವು, ಶಕ್ತಿಗೂ ಕೊರತೆಯಿಲ್ಲ. ಆದರೆ ಎರಡೂ ಎತ್ತರದ ಎಸ್‌ಯುವಿ! ಚೀನಾದ ಬಿವೈಡಿ ಕಂಪನಿಯ ಸೀಲ್ ಸೆಡಾನ್ ಆಗಿ ಬಂತು, ಆದರೆ ಅದರ ಬೆಲೆ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ.

ಒಂದು ಕೋರಿಕೆ. ಇನ್ನು ಮುಂದೆ ಹೊಸ ಕಾರಿನ ಬಗ್ಗೆ ಬರೆಯುವಾಗ ಎಷ್ಟು ಸೆಕೆಂಡಿನಲ್ಲಿ ನೂರು ಕಿ.ಮೀ. ವೇಗ ಮುಟ್ಟುತ್ತದೆ ಅನ್ನುವುದರ ಜೊತೆಗೆ, ಐದು ಜನ ಕೂತಾಗ ಕಾರಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿರುತ್ತದೆ ಅಂತಲೂ ಅಳೆದು ಹಾಕಿ. ಶೋರೂಮಿನಲ್ಲಿ ನಾವು ಮೊದಲು ಕೇಳುವುದು ಅದನ್ನೇ.

— ಓರ್ವ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ